ಗೆಣಸಿನ ಸ್ವಭಾವದ ಕುಂಬಳಕಾಯಿ

ಚಾಕು ಕಾಯಿಯೊಳಗೆ ಅರ್ಧ ಇಳಿದು ಅಲ್ಲೇ ಕಚ್ಚಿಕೊಂಡಿತ್ತು. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ದಿನಕ್ಕೆ ನಾಲ್ಕು ತೆಂಗಿನಕಾಯಿ ಒಡೆಯುವ ಮನೆಯಿಂದ ಬಂದವಳಿಗೆ ಇದ್ಯಾವ ಲೆಕ್ಕ ಎಂದುಕೊಂಡು, ಚಾಕು ಸಮೇತ ಕಾಯಿಯನ್ನೆತ್ತಿ ಹಲಗೆಗೆ ಕುಟ್ಟಿದೆ. ಮೂರನೇ ಪೆಟ್ಟಿಗೆ ಬಾಗಿಲ ಗಂಟೆ ಬಾರಿಸಿತು. ಕೆಳಗಿನ ಮನೆಯ ಅಜ್ಜಿ. ಜಗಳಕ್ಕೇ ಬಂದಿದ್ದಾರೆ ಎಂದು ಹೆದರಿ, ನನಗೆ ಆಗ ಬರುತ್ತಿದ್ದ ನಾಲ್ಕೈದು ಜಪಾನಿ ಮಾತುಗಳಲ್ಲಿ ಒಂದಾದ ‘ಸುಮಿಮಾಸೆನ್’ ಅನ್ನು ಮೂರು ಸಲ ಹೇಳಿ ತಲೆ ಬಾಗಿಸಿದೆ. ಅಜ್ಜಿ ನನ್ನ ಭುಜದಾಚೆ ಇಣುಕಿ, ಚಾಕು ನೆಟ್ಟುಕೊಂಡು ಕೂತ ಕಾಯಿಯನ್ನು ಕಂಡವರೇ ‘ಅಬುನಾಯ್, ಅಬುನಾಯ್’ ಎನ್ನುತ್ತ ಚಪ್ಪಲಿ ಬಿಟ್ಟು ಒಳಗೇ ಬಂದುಬಿಟ್ಟರು. ಅಪಾಯ, ಅಪಾಯ ಎಂದರ್ಥ.

ಟೋಕಿಯೋದ ನಿಷಿ-ಕಸಾಯ್‌ನಲ್ಲಿ ನಮ್ಮ ಮೊದಲ ಚಳಿಗಾಲ ಅದು. ಭಾರತದವರು ಗುಂಪಾಗಿ ನೆಲೆಸಿರುವ ಬಡಾವಣೆ. ತೊಗರಿಬೇಳೆ, ಹುಣಸೆಹಣ್ಣು ಎಲ್ಲ ಸಿಗುತ್ತಿತ್ತು, ಸಿಹಿಗುಂಬಳ ಒಂದು ಸಿಗುತ್ತಿರಲಿಲ್ಲ. ಅದರ ಬದಲು ಅಂಗಡಿಯ ತುಂಬ ಕಬೋಚಾ. ಎರಡು ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ, ಕಡುಹಸಿರು ಸಿಪ್ಪೆ, ಅಲ್ಲಲ್ಲಿ ಬೂದು ಗೀರು, ತಲೆ ತಟ್ಟಿದಂತೆ ಚಪ್ಪಟೆ.

ಅಜ್ಜಿ ಕಲಿಸಿದ ಮೊದಲ ಪಾಠ ಹೆಚ್ಚುವುದು. ಚಾಕುವನ್ನು ಅಲುಗಿಸಿ ಅಲುಗಿಸಿ ಬಿಡಿಸಿಕೊಂಡು, ಕಾಯಿಯನ್ನು ಇಡಿಯಾಗಿ ಮೈಕ್ರೋವೇವಿನಲ್ಲಿ ಮೂರು ನಿಮಿಷ ಇಟ್ಟರು. ಬೇಯಲಿ ಎಂದಲ್ಲ, ಸಿಪ್ಪೆಯ ಬಿಗಿ ತುಸು ಸಡಿಲಾಗಲಿ ಎಂದು. ಹಲಗೆ ಜಾರದಿರಲು ಅಡಿಗೆ ಒದ್ದೆ ಬಟ್ಟೆ ಹಾಸಿದರು. ಆಮೇಲೆ ಚಾಕುವಿನ ತುದಿಯನ್ನು ತೊಟ್ಟಿನ ಪಕ್ಕದಲ್ಲಿ ಚುಚ್ಚಿ ಹಿಡಿಯನ್ನು ನಿಧಾನಕ್ಕೆ ಕೆಳಗೊತ್ತಿದರು. ಕಾಯಿ ತಿರುಗಿಸಿ ಆಚೆ ಬದಿಗೂ ಹಾಗೆಯೇ. ತೊಟ್ಟನ್ನು ಮುಟ್ಟಲೇ ಇಲ್ಲ. ಎರಡೂ ಕೈಯಿಂದ ಹಿಡಿದು ಅಗಲಿಸಿದರೆ ‘ಕ್ರಕ್’ ಎಂದು ಎರಡು ಹೋಳು. ಒಳಗಿನ ಬಣ್ಣ ಅರಿಶಿನದ ಕೊಂಬನ್ನು ಮುರಿದಂತಿತ್ತು.

ನಾನು ಮಾಡಿದ್ದ ತಪ್ಪು ತೊಟ್ಟಿನ ಮೇಲೇ ಚಾಕು ಇಟ್ಟದ್ದು. ಬಲಿತ ಕಬೋಚಾದ ತೊಟ್ಟು ಬಾಟಲಿಯ ಬಿರಡೆಯಂತೆ ಒಣಗಿ ಗಟ್ಟಿಯಾಗಿರುತ್ತದೆ, ಅಲಗನ್ನು ಕಚ್ಚಿ ಹಿಡಿಯುತ್ತದೆ. ಇನ್ನೊಂದು ಕಾರಣವೂ ಇದೆ. ನಮ್ಮ ಶಿರಸಿ ಕಡೆಯ ಮೆಟ್ಟುಗತ್ತಿಯಲ್ಲಿ ಅಲಗು ನಿಂತಲ್ಲೇ ನಿಂತಿರುತ್ತದೆ. ಕಾಯಿಯನ್ನು ಎರಡು ಕೈಯಲ್ಲಿ ಹಿಡಿದು ಮೈಭಾರ ಬಿಟ್ಟು ಒತ್ತುತ್ತೇವೆ. ಎಂಥ ಚೀನಿಕಾಯಿಯೂ, ಅಂದರೆ ಸಿಹಿಗುಂಬಳವೂ, ಅದರೆದುರು ನಿಲ್ಲದು. ಚಾಕುವಿನಲ್ಲಿ ಒಂದು ಕೈ ಕಾಯಿಯನ್ನು ಹಿಡಿಯುವುದಕ್ಕೇ ಹೋಗುತ್ತದೆ, ಅದು ಜಾರಿದರೆ ಬೆರಳು ಹೋಗುತ್ತದೆ. ಮೆಟ್ಟುಗತ್ತಿಯನ್ನು ಇಷ್ಟು ದೂರ ಹೊತ್ತು ತಂದಿರಲಿಲ್ಲವಲ್ಲ.

ಹೆಚ್ಚಿದ್ದಾಯಿತು, ಆ ಸಂಜೆ ಹುಳಿ ಮಾಡಿದೆ. ತೊಗರಿಬೇಳೆಯ ಜೊತೆಗೇ ಹೋಳುಗಳನ್ನೂ ಹಾಕಿ ಕುಕ್ಕರಿನಲ್ಲಿ ಎರಡು ಸೀಟಿ. ಮುಚ್ಚಳ ತೆಗೆದರೆ ಹೋಳುಗಳೇ ಇಲ್ಲ! ಹಸಿರು ಸಿಪ್ಪೆಯ ಚೂರುಗಳು ಮಾತ್ರ ಹಳದಿ ಅಂಬಲಿಯಲ್ಲಿ ಅಲ್ಲೊಂದು ಇಲ್ಲೊಂದು ತೇಲುತ್ತಿದ್ದವು. ಹುಣಸೆ, ಖಾರ ಎಷ್ಟು ಸುರಿದರೂ ಸಿಹಿ ಬಗ್ಗಲಿಲ್ಲ. ವಿಡಿಯೋ ಕರೆಯಲ್ಲಿ ಊರಿನಲ್ಲಿರುವ ಆಯಿಗೆ ತೋರಿಸಿದೆ. ಉಳಿದಿದ್ದ ಹಸಿ ಹೋಳನ್ನು ಕ್ಯಾಮೆರಾ ಹತ್ತಿರ ಹಿಡಿ ಎಂದರು, ಉಗುರಿನಲ್ಲಿ ಗೀರು ಎಂದರು. ಗೀರಿದೆ; ನೀರೊಡೆಯಲಿಲ್ಲ. “ಅದು ಚೀನಿಕಾಯಿ ಅಲ್ಲ ಕೂಸೇ, ಗೆಣಸಿನ ಜಾತಿ” ಎಂದುಬಿಟ್ಟರು.

ಸಸ್ಯಶಾಸ್ತ್ರದ ಪ್ರಕಾರ ಆಯಿ ಹೇಳಿದ್ದು ತಪ್ಪು. ಅಡುಗೆಯ ಪ್ರಕಾರ ಅದಕ್ಕಿಂತ ಸರಿಯಾದ ಮಾತನ್ನು ನಾನು ಇಷ್ಟು ವರ್ಷದಲ್ಲಿ ಕೇಳಿಲ್ಲ. ಜಪಾನಿನ ಆಹಾರಾಂಶ ಕೋಷ್ಟಕಗಳಲ್ಲಿ ಎರಡು ಬಗೆಯ ಕಬೋಚಾಕ್ಕೆ ಬೇರೆ ಬೇರೆ ಸಾಲುಗಳಿವೆ. ಹಳೆಯ ‘ನಿಹೊನ್ ಕಬೋಚಾ’ದಲ್ಲಿ ನೀರಿನ ಪಾಲು ನೂರಕ್ಕೆ ಸುಮಾರು 87. ಈಗ ಎಲ್ಲೆಲ್ಲೂ ಮಾರುವ ‘ಸೇಯೊ ಕಬೋಚಾ’ದಲ್ಲಿ ಸುಮಾರು 76. ಆಲೂಗಡ್ಡೆಯಲ್ಲೇ 80ರ ಹತ್ತಿರ ನೀರಿರುತ್ತದೆ. ಅಂದರೆ ಅಂಗಡಿಯಲ್ಲಿ ಸಿಗುವ ಈ ಕಬೋಚಾ ಆಲೂಗಡ್ಡೆಗಿಂತಲೂ ಒಣ. ಆ ಜಾಗವನ್ನು ತುಂಬಿಕೊಂಡಿರುವುದು ಪಿಷ್ಟ ಮತ್ತು ಸಕ್ಕರೆ. ಕುಂಬಳಕಾಯಿಯೆಂದು ಬಗೆದು ಧಾರಾಳ ನೀರು ಹಾಕಿ ಕುದಿಸಿದರೆ ಆ ಪಿಷ್ಟ ನೀರು ಕುಡಿದು ಉಬ್ಬಿ ಹೋಳು ಒಡೆಯದೆ ಇನ್ನೇನು? ಗೆಣಸೆಂದು ಬಗೆದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು.

ಜಪಾನಿಗರು ಇದನ್ನು ‘ಕುರಿ ಕಬೋಚಾ’ ಎಂದೂ ಕರೆಯುತ್ತಾರೆ. ಕುರಿ ಅಂದರೆ ಚೆಸ್ಟ್‌ನಟ್ ಕಾಯಿ, ನಮ್ಮ ಕುರಿ ಅಲ್ಲ. ಬೆಂದ ಕಬೋಚಾವನ್ನು ಹೊಗಳುವ ಮಾತು ‘ಹೊಕುಹೊಕು’; ನಾವು ಒಳ್ಳೆಯ ಗೆಣಸನ್ನು ತಿಂದಾಗ ‘ಹಿಟ್ಟುಹಿಟ್ಟಾಗಿದೆ’ ಅನ್ನುತ್ತೇವಲ್ಲ, ಅದರ ಜೊತೆಗೆ ಬಾಯಲ್ಲಿ ಹಬೆಯಾಡುವ ಸುಖವನ್ನೂ ಸೇರಿಸಿಕೊಳ್ಳಿ. ಬೈಯುವ ಮಾತು ‘ಬೆಚಾಬೆಚಾ’. ಇದಕ್ಕೆ ಅನುವಾದವೇ ಬೇಡ, ನಮ್ಮ ಪಿಚಪಿಚವೇ ಅದು.

ಹೆಸರಿನ ಕಥೆ ಇನ್ನೂ ಸೊಗಸು. 16ನೇ ಶತಮಾನದಲ್ಲಿ ಪೋರ್ಚುಗೀಸ್ ಹಡಗುಗಳು ಕ್ಯೂಶು ದ್ವೀಪಕ್ಕೆ ಈ ಕಾಯಿಯನ್ನು ತಂದಾಗ ಅದು ಕಾಂಬೋಡಿಯಾದ ಸರಕು ಎಂದು ಹೇಳಿ ಕೊಟ್ಟರಂತೆ. ಆ ದೇಶದ ಹೆಸರೇ ಬಾಯಿಂದ ಬಾಯಿಗೆ ಸವೆದು ಕಬೋಚಾ ಆಯಿತು. ಕ್ಯೂಶುವಿನ ಕೆಲವೆಡೆ ಇದಕ್ಕೆ ‘ಬೋಬುರಾ’ ಎಂಬ ಹೆಸರಿತ್ತು. ಪೋರ್ಚುಗೀಸರ ‘ಅಬೋಬೊರಾ’, ಅಂದರೆ ಕುಂಬಳ. ಪಶ್ಚಿಮ ಜಪಾನಿನಲ್ಲಿ ‘ನಾಂಕಿನ್’, ಚೀನಾದ ನಾನ್‌ಜಿಂಗ್ ಊರಿನ ಹೆಸರು. ಇನ್ನೊಂದು ಕಡೆ ‘ತೋನಾಸು’, ಚೀನಾದ ಬದನೆ! ಇಷ್ಟಕ್ಕೂ ಕುಂಬಳದ ಈ ಕುಲ ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ನಗುವ ಹಕ್ಕು ನನಗಂತೂ ಇಲ್ಲ. ನಮ್ಮ ಮಲೆನಾಡಿನಲ್ಲಿ ಸಿಹಿಗುಂಬಳಕ್ಕೆ ಚೀನಿಕಾಯಿ ಎನ್ನುತ್ತೇವೆ. ಅದೇ ಅಮೆರಿಕದ ಬಳ್ಳಿಗೆ ಎರಡು ಕಡೆಯವರೂ ಚೀನಾದ ವಿಳಾಸ ಕೊಟ್ಟಿದ್ದೇವೆ. ಹಂಚಿದವರು ಮಾತ್ರ ಒಬ್ಬರೇ, ಪೋರ್ಚುಗೀಸರು. ಗೋವಾದಿಂದ ನಮ್ಮ ಕರಾವಳಿಗೆ ಬಟಾಟೆ, ಅನಾನಸು, ಪಾವ್ ಬಂದ ಹಾಗೆಯೇ ಇಲ್ಲಿಗೆ ಕಬೋಚಾ ಬಂತು, ಬ್ರೆಡ್ಡಿಗೆ ‘ಪಾನ್’ ಎಂಬ ಹೆಸರೂ ಬಂತು.

ಆಗ ಬಂದದ್ದು ಏಣೇಣಿನ, ನೀರು ಹೆಚ್ಚಿರುವ ಜಾತಿ. ನಮ್ಮ ಕುಂಬಳಗಳಲ್ಲಿ ಹೆಚ್ಚಿನವು ಇದೇ ಜಾತಿಗೆ ಸೇರಿದವು. ಕ್ಯೋಟೋದಲ್ಲಿ ಸೋರೆಬುರುಡೆಯಂತೆ ನಡು ಸಣ್ಣಗಿರುವ ‘ಶಿಶಿಗತಾನಿ’ ಎಂಬ ತಳಿ ಅದರಲ್ಲಿ ಉಳಿದುಕೊಂಡಿದೆ. ಅಲ್ಲಿನ ಅನ್ರಾಕುಜಿ ದೇವಾಲಯದಲ್ಲಿ ಪ್ರತಿ ವರ್ಷ ಜುಲೈ 25ರಂದು ಅದನ್ನು ಬೇಯಿಸಿ ಬಂದವರಿಗೆ ಹಂಚುತ್ತಾರೆ, ತಿಂದರೆ ಲಕ್ವ ಹೊಡೆಯದು ಎಂದು ನಂಬಿಕೆ. ಈಗಿನ ಒಣ ಕಬೋಚಾ ಬೇರೆ ಜಾತಿ, 19ನೇ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಿಂದ ಬಂದು ಹೊಕ್ಕೈದೊದ ತಂಪು ನೆಲದಲ್ಲಿ ಬೇರೂರಿದ್ದು. ಹೆಸರು ಹಳೆಯದು, ಕಾಯಿ ಹೊಸದು.

ಇನ್ನು ಒಲೆಯ ಹತ್ತಿರ ಬರೋಣ. ಜಪಾನಿ ಮನೆಯಲ್ಲಿ ಕಬೋಚಾ ಅಂದರೆ ಮೊದಲು ‘ನಿಮೊನೊ’, ಸಿಹಿ-ಉಪ್ಪು ರಸದಲ್ಲಿ ಬೇಯಿಸಿದ ಹೋಳು. ನಮ್ಮ ಪಲ್ಯದ ಸ್ಥಾನ ಅದಕ್ಕೆ. ಅಜ್ಜಿ ಮಾಡುವುದನ್ನು ನಾನು ಎಷ್ಟು ಸಲ ನಿಂತು ನೋಡಿದ್ದೇನೋ. ಕಾಲು ಭಾಗ ಕಬೋಚಾ, ಹೆಚ್ಚುಕಡಿಮೆ 400 ಗ್ರಾಂ. ತಿರುಳು, ಬೀಜ ಚಮಚದಿಂದ ಕೆರೆದು ತೆಗೆದು, ಎರಡು ಬೆರಳಗಲದ ಹೋಳು ಮಾಡುತ್ತಾರೆ. ಸಿಪ್ಪೆ ತೆಗೆಯುವುದಿಲ್ಲ, ಅಲ್ಲಲ್ಲಿ ತುಸು ಕೆತ್ತುತ್ತಾರೆ, ರಸ ಒಳಗಿಳಿಯಲಿ ಎಂದು. ಆಮೇಲೆ ಪ್ರತಿ ಹೋಳಿನ ಚೂಪು ಅಂಚನ್ನು ಚಾಕುವಿನಿಂದ ಸವರಿ ದುಂಡಗೆ ಮಾಡುತ್ತಾರೆ. ಇದು ಅಲಂಕಾರಕ್ಕೆಂದು ನಾನು ಬಹಳ ದಿನ ತಿಳಿದಿದ್ದೆ. ಅಲ್ಲ. ಕುದಿಯುವಾಗ ಹೋಳುಗಳು ಒಂದಕ್ಕೊಂದು ತಾಗಿ ಮೊದಲು ಉದುರುವುದು ಆ ಅಂಚು. ಅಂಚು ಉದುರಿದರೆ ರಸ ಗೊಜ್ಜಾಗುತ್ತದೆ. ಬಡಗಿ ಹಲಗೆಯ ಅಂಚು ಮುರಿಯುವುದು ಅದೇ ಕಾರಣಕ್ಕಲ್ಲವೇ.

ಪಾತ್ರೆ ಅಗಲದ್ದಿರಬೇಕು. ಹೋಳುಗಳನ್ನು ಸಿಪ್ಪೆ ಕೆಳಗಾಗಿ ಒಂದೇ ಸಾಲಿನಲ್ಲಿ ಜೋಡಿಸುತ್ತಾರೆ, ಒಂದರ ಮೇಲೊಂದು ಪೇರಿಸುವ ಹಾಗಿಲ್ಲ. ಗಟ್ಟಿ ಸಿಪ್ಪೆಗೆ ನೇರ ಶಾಖ, ಮೆದು ಮಾಂಸಕ್ಕೆ ಮೇಲಿನ ಹಬೆ. ಹೋಳಿನ ತಲೆ ಇನ್ನೂ ಕಾಣುವಷ್ಟು ಮಾತ್ರ ‘ದಾಶಿ’ ಹೊಯ್ಯುತ್ತಾರೆ. ದಾಶಿ ಎಂದರೆ ಕೊಂಬು ಎಂಬ ಕಡಲಪಾಚಿ ಮತ್ತು ಒಣಮೀನಿನ ತಿಳಿ. ಸಸ್ಯಾಹಾರಿಗಳು ಇಲ್ಲಿ ಎಚ್ಚರ. ಅಂಗಡಿಯ ಸಿದ್ಧ ರಸದ ಬಾಟಲಿಗಳಲ್ಲಿ ಬಹುಪಾಲು ಮೀನು ಇದ್ದೇ ಇರುತ್ತದೆ. ನನ್ನ ಮನೆಯಲ್ಲಿ ಒಂದು ತುಂಡು ಕೊಂಬು, ಎರಡು ಒಣ ಶೀತಾಕೆ ಅಣಬೆ ರಾತ್ರಿ ನೆನೆಹಾಕಿದ ನೀರು. ಕೆಲಸ ನಡೆಯುತ್ತದೆ.

ಮೊದಲು ಒಂದು ದೊಡ್ಡ ಚಮಚ ಸಕ್ಕರೆ, ಒಂದು ಚಮಚ ಮಿರಿನ್ ಎಂಬ ಸಿಹಿ ಅಕ್ಕಿಮದ್ಯ (ಬೇಡದವರು ಸಕ್ಕರೆ ಕೊಂಚ ಹೆಚ್ಚಿಸಿಕೊಂಡರಾಯಿತು). ಸೋಯಾ ಸಾಸ್ ಆಮೇಲೆ, ಒಂದೇ ಚಮಚ. ಈ ಅನುಕ್ರಮ ತಪ್ಪುವಂತಿಲ್ಲ. ಜಪಾನಿ ಕಾಗುಣಿತದ ಒಂದು ಸಾಲು ‘ಸ ಶಿ ಸು ಸೆ ಸೊ’. ಸಕ್ಕರೆ, ಉಪ್ಪು, ವಿನೆಗರ್, ಸೋಯಾ, ಮಿಸೊ ಇವುಗಳ ಜಪಾನಿ ಹೆಸರುಗಳನ್ನು ಅದಕ್ಕೆ ಹೊಂದಿಸಿ, ಆ ಸಾಲಿನಂತೆಯೇ ಪಾತ್ರೆಗೆ ಹಾಕಬೇಕೆಂದು ಮಕ್ಕಳಿಗೆ ಕಲಿಸುತ್ತಾರೆ. ಉಪ್ಪು ಮೊದಲು ಹೊಕ್ಕರೆ ಸಿಹಿಗೆ ಒಳಗೆ ಜಾಗ ಸಿಗದು ಎಂದು ಅಡುಗೆಯವರ ವಾದ. ಬಳಿಕ ಪಾತ್ರೆಯ ಬಾಯಿಗಿಂತ ಚಿಕ್ಕದಾದ ಮರದ ಮುಚ್ಚಳವನ್ನು ನೇರ ಹೋಳುಗಳ ಮೇಲೆಯೇ ಇಳಿಸುತ್ತಾರೆ. ರಸ ಸ್ವಲ್ಪವೇ ಇದ್ದರೂ ಅದು ಮುಚ್ಚಳಕ್ಕೆ ತಾಗಿ ಎಲ್ಲ ಹೋಳುಗಳ ಮೇಲೂ ಹರಿಯುತ್ತದೆ, ಹೋಳುಗಳೂ ಕುಣಿಯುವುದಿಲ್ಲ. ಮರದ್ದು ಇಲ್ಲದಿದ್ದರೆ ನಡುವೆ ತೂತು ಮಾಡಿದ ಬೆಣ್ಣೆಕಾಗದ ಸಾಕು. ಸಣ್ಣ ಕುದಿಯಲ್ಲಿ ಹತ್ತು-ಹನ್ನೆರಡು ನಿಮಿಷ. ಸೌಟು ಆಡಿಸುವಂತಿಲ್ಲ. ಕಡ್ಡಿ ಚುಚ್ಚಿದರೆ ಸಲೀಸಾಗಿ ಇಳಿದಾಗ ಒಲೆ ಆರಿಸಿ ಹಾಗೇ ಬಿಡುವುದು. ರುಚಿ ಒಳಗಿಳಿಯುವುದು ಕುದಿಯುವಾಗಲ್ಲ, ಆರುವಾಗ ಎಂದು ಅಜ್ಜಿ ಪ್ರತಿ ಸಲವೂ ಹೇಳುತ್ತಾರೆ. ಬಿಸಿಬಿಸಿ ತಿನ್ನಲು ಹೋದ ನನ್ನ ಕೈಗೆ ಒಮ್ಮೆ ಪೆಟ್ಟೂ ಬಿದ್ದಿದೆ.

ಇನ್ನೊಂದು ಉಪಾಯ ನನಗೆ ಇದಕ್ಕಿಂತ ಇಷ್ಟ. ಹೋಳುಗಳಿಗೆ ಸಕ್ಕರೆ ಉದುರಿಸಿ ಒಂದು ಗಂಟೆ ಸುಮ್ಮನಿಟ್ಟರೆ ಅವೇ ನೀರು ಬಿಡುತ್ತವೆ. ಆ ನೀರಿನಲ್ಲೇ, ಮೇಲೆ ಒಂದು ಹಿಡಿ ನೀರು ಚಿಮುಕಿಸಿ, ಮುಚ್ಚಿ ಬೇಯಿಸುವುದು. ಹೊಕುಹೊಕು ಎಂದರೆ ಆಗ ನೋಡಬೇಕು.

ಎಲ್ಲ ಸರಿಯಾಗಿ ಮಾಡಿಯೂ ಸಪ್ಪೆಯಾದರೆ? ತಪ್ಪು ನಿಮ್ಮದಲ್ಲ, ಅವಸರದಲ್ಲಿ ಮಾರಿದವರದು. ಬಳ್ಳಿಯಿಂದ ಆಗಷ್ಟೇ ಕಿತ್ತ ಕಬೋಚಾದಲ್ಲಿ ಪಿಷ್ಟ ತುಂಬಿರುತ್ತದೆ, ಸಿಹಿ ಕಡಿಮೆ. ಅದನ್ನು ಒಂದೆರಡು ವಾರ ಬೆಚ್ಚಗೆ, ಗಾಳಿಯಾಡುವಲ್ಲಿ ಇಟ್ಟು ತೊಟ್ಟು, ಸಿಪ್ಪೆ ಒಣಗಿಸಿ, ಆಮೇಲೆ ತಂಪಾದ ಜಾಗಕ್ಕೆ ಸಾಗಿಸುತ್ತಾರೆ. ಕುಳಿತಲ್ಲೇ ಪಿಷ್ಟ ಸಕ್ಕರೆಯಾಗುತ್ತದೆ. ತಿಂಗಳು, ಎರಡು ತಿಂಗಳು ಕಳೆದ ಮೇಲೆ ಅದಕ್ಕೆ ರುಚಿ. ಮಳೆಗಾಲಕ್ಕೆಂದು ಅಟ್ಟದ ಮೇಲೆ ಸಾಲಾಗಿಟ್ಟ ಚೀನಿಕಾಯಿ ನೆನಪಾಗುವುದು ಇಲ್ಲಿಯೇ. ಕೊಳ್ಳುವಾಗ ತೊಟ್ಟು ನೋಡಿ: ಹಸಿರಾಗಿದ್ದರೆ ಬೇಡ, ಬಿರಡೆಯಂತೆ ಒಣಗಿ ಗೀರು ಬಿದ್ದಿರಬೇಕು. ನೆಲಕ್ಕೆ ತಾಗಿದ ಕಡೆ ಸಿಪ್ಪೆಯಲ್ಲೊಂದು ಕಲೆ ಇರುತ್ತದೆ. ಅದು ಕಿತ್ತಳೆಗೆ ತಿರುಗಿದಷ್ಟೂ ಒಳ್ಳೆಯದು. ಹೋಳು ಮಾಡಿ ಮಾರುವುದಾದರೆ ಬೀಜ ನೋಡಿ. ಬೀಜ ಉಬ್ಬಿದ್ದರೆ ಕಾಯಿ ಬಲಿತಿದೆ, ಚಪ್ಪಟೆಯಾಗಿದ್ದರೆ ಎಳಸು. ಹೋಳಾದ ಕಬೋಚಾ ಕೆಡುವುದು ತಿರುಳಿನಿಂದ, ಮನೆಗೆ ತಂದ ಕೂಡಲೇ ಅದನ್ನು ಕೆರೆದು ತೆಗೆಯಿರಿ.

ಬೇಸಿಗೆಯ ಬೆಳೆಯನ್ನು ಚಳಿಗಾಲದವರೆಗೆ ಕಾಪಾಡುವ ಈ ಗುಣದಿಂದಲೇ ಡಿಸೆಂಬರ್ 21 ಅಥವಾ 22ರ ‘ತೋಜಿ’ ದಿನ, ವರ್ಷದ ಅತಿ ಗಿಡ್ಡ ಹಗಲಿನಂದು, ಕಬೋಚಾ ತಿನ್ನುವ ಪದ್ಧತಿ ಬೆಳೆದಿದೆ. ಹೊಲದಲ್ಲಿ ಹಸಿರು ಕಡಿಮೆಯಾದ ಕಾಲಕ್ಕೆ ಅಟ್ಟದ ಮೇಲೆ ಉಳಿದಿರುತ್ತಿದ್ದ ತರಕಾರಿ ಇದು. ಆ ದಿನದ ವಿಶೇಷ ‘ಇತೊಕೊನಿ’. ಕೆಂಪು ಅಜುಕಿ ಕಾಳನ್ನು ಮೊದಲು ಬೇಯಿಸಿ, ಆಮೇಲೆ ಕಬೋಚಾ ಸೇರಿಸುತ್ತಾರೆ. ‘ಒಯಿಒಯಿ’ ಎಂದರೆ ಒಂದಾದ ಮೇಲೊಂದು, ‘ಮೆಯಿಮೆಯಿ’ ಎಂದರೆ ಬೇರೆ ಬೇರೆಯಾಗಿ. ಅದೇ ಉಚ್ಚಾರದಲ್ಲಿ ಒಯಿ ಎಂದರೆ ಸೋದರಳಿಯ, ಮೆಯಿ ಎಂದರೆ ಸೋದರ ಸೊಸೆ. ಅವರೆಲ್ಲ ಒಂದೇ ಪಾತ್ರೆಯಲ್ಲಿ ಸೇರಿದರೆ ಅವರವರಲ್ಲಿ ‘ಇತೊಕೊ’ ಅಲ್ಲವೇ ಎಂಬುದು ಹೆಸರಿನ ಹಿಂದಿನ ಚಮತ್ಕಾರ. ಇತೊಕೊ ಎಂಬುದಕ್ಕೆ ಕನ್ನಡದಲ್ಲಿ ಒಂದು ಪದ ಹುಡುಕಿ ಸೋತೆ. ದೊಡ್ಡಪ್ಪನ ಮಗನೋ, ಸೋದರತ್ತೆಯ ಮಗಳೋ, ನಾವು ಬಿಡಿಸಿಯೇ ಹೇಳಬೇಕು. ಕಸಿನ್ ಅಂದುಬಿಡುವುದು ಈಗಿನ ರೂಢಿ. ಇವತ್ತು ತೋಜಿಯ ಹೊತ್ತಿಗೆ ಅಂಗಡಿಯಲ್ಲಿರುವ ಕಬೋಚಾದ ಚೀಟಿ ನೋಡಿದರೆ ಎಷ್ಟೋ ಸಲ ಮೆಕ್ಸಿಕೊ ಎಂದಿರುತ್ತದೆ, ಇನ್ನೆರಡು ತಿಂಗಳಿಗೆ ನ್ಯೂಜಿಲೆಂಡ್. ಅಟ್ಟದ ಕೆಲಸವನ್ನು ಹಡಗು ವಹಿಸಿಕೊಂಡಿದೆ.

ನಮ್ಮ ಅಡುಗೆಗೆ ಇದು ಒಗ್ಗುತ್ತದೆಯೇ ಎಂದು ಕೇಳುವವರಿಗೆ: ಒಗ್ಗುತ್ತದೆ, ಹಳೆಯ ಅಳತೆಗಳನ್ನು ಮರೆತರೆ. ಹುಳಿಗೆ ಬೇಳೆ ಬೇಯಿಸಿ, ಹುಣಸೆ-ಮಸಾಲೆ ಕುದಿಸಿ, ಹೋಳನ್ನು ಕೊನೆಯ ಹತ್ತು ನಿಮಿಷಕ್ಕೆ ಹಾಕಿ. ಬೆಲ್ಲ ಬೇಡ. ಪಲ್ಯಕ್ಕೆ ದೊಡ್ಡ ಹೋಳು, ಚಿಮುಕಿಸಿದಷ್ಟೇ ನೀರು, ಸೌಟಿನ ಬದಲು ಬಾಣಲೆಯನ್ನೇ ಕುಲುಕುವುದು. ಕಡುಬು ಕೈಕೊಡುತ್ತದೆ. ತುರಿದ ಚೀನಿಕಾಯಿ ಬಿಡುವ ನೀರಿನಲ್ಲೇ ಅಕ್ಕಿತರಿ ನೆನೆದು ಬೇಯುವುದು ನಮ್ಮ ಕಡುಬಿನ ಗುಟ್ಟು. ಕಬೋಚಾ ಅಷ್ಟು ನೀರು ಬಿಡದು, ಬಾಳೆ ಎಲೆ ಬಿಚ್ಚಿದರೆ ಉದುರು ಉದುರು. ಕಾಯಿಹಾಲು ಸೇರಿಸಿದ ಮೇಲೆ ಹಿಡಿದುಕೊಂಡಿತು. ಸಿಪ್ಪೆ ಚಟ್ನಿಯ ಚಪಲದವರಿಗೆ ಪೂರ್ತಿ ನಿರಾಶೆ: ಸಿಪ್ಪೆ ಹೋಳಿನ ಜೊತೆಗೇ ಬೆಂದು ಹೊಟ್ಟೆಗೆ ಹೋಗಿಬಿಡುತ್ತದೆ. ಟೆಂಪುರಾ ಎಂದರೆ ಬಜ್ಜಿಯ ತೆಳ್ಳನೆಯ ತಂಗಿ, ವಿವರಿಸುವುದೇನಿಲ್ಲ. ಮೇಯೊನೇಸ್ ಕಲಸಿದ ಕಬೋಚಾ ಸಲಾಡ್ ಇಲ್ಲಿ ಬಲು ಜನಪ್ರಿಯ, ನನಗೆ ಇವತ್ತಿಗೂ ಸೇರುವುದಿಲ್ಲ.

ಎಲ್ಲಕ್ಕಿಂತ ಚೆನ್ನಾಗಿ ಬರುವುದು ಸಾಸಿವೆ. ಹೋಳನ್ನು ಉಪ್ಪು ಹಾಕಿ ಹಬೆಯಲ್ಲಿ ಬೇಯಿಸಿ ಪೂರ್ತಿ ಆರಿಸಿ. ಅರ್ಧ ಹೋಳು ತೆಂಗಿನತುರಿ, ಅರ್ಧ ಚಮಚ ಹಸಿ ಸಾಸಿವೆ, ಎರಡು ಹಸಿಮೆಣಸು ನುಣ್ಣಗೆ ರುಬ್ಬಿ, ಗಟ್ಟಿ ಮೊಸರಿನೊಂದಿಗೆ ಕಲಸಿ ಮೇಲೊಂದು ಒಗ್ಗರಣೆ. ಬಿಸಿ ಹೋಳಿಗೆ ಕಲಸಬೇಡಿ. ಹಸಿ ಸಾಸಿವೆಯ ಘಾಟು ಹುಟ್ಟುವುದು ಅದನ್ನು ನೀರಿನೊಂದಿಗೆ ಅರೆದಾಗ, ಸಾಯುವುದು ಶಾಖ ತಾಗಿದಾಗ. ಕಬೋಚಾದ ದಟ್ಟ ಸಿಹಿಗೆ ಎದುರು ನಿಲ್ಲಲು ಆ ಘಾಟೇ ಬೇಕು.

ಊರಿನಲ್ಲಿರುವವರಿಗೆ ಕಬೋಚಾ ಸಿಗದಿದ್ದರೆ ನಷ್ಟವೇನಿಲ್ಲ. ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಸೂರ್ಯಮುಖಿ’ ಎಂಬ ಕಿತ್ತಳೆ ಸಿಪ್ಪೆಯ, ಬಿಳಿ ಪಟ್ಟೆಯ ಸಣ್ಣ ತಳಿ ಕಬೋಚಾದ್ದೇ ಜಾತಿ. ಅದು ಸಿಕ್ಕರೆ ಸಕ್ಕರೆ ಉದುರಿಸಿ ಕಾಯುವ ಉಪಾಯವನ್ನು ಅದರ ಮೇಲೆ ಒಮ್ಮೆ ಪ್ರಯೋಗಿಸಿ ನೋಡಬಹುದು. ಅದೂ ಸಿಗದಿದ್ದರೆ ಉಗುರಿನಲ್ಲಿ ಗೀರುವ ಆಯಿಯ ಪರೀಕ್ಷೆ ಇದೆ, ಸಂತೆಯಲ್ಲಿ ಕತ್ತರಿಸಿಟ್ಟ ಯಾವ ಕುಂಬಳಕ್ಕೂ ಅದು ಸಲ್ಲುತ್ತದೆ. ಮಾರುವವರು ನೋಡದಿದ್ದಾಗ ಗೀರಿ.

ಸಾಸಿವೆಯನ್ನು ಒಂದು ಡಬ್ಬಿಯಲ್ಲಿ ತುಂಬಿ ಕೆಳಗಿನ ಮನೆಗೆ ಕೊಟ್ಟದ್ದು ಅದೇ ವರ್ಷದ ತೋಜಿಯ ಹಿಂದಿನ ದಿನ. ಅಜ್ಜಿ ಚಾಪ್‌ಸ್ಟಿಕ್ಕಿನಲ್ಲಿ ಒಂದು ಹೋಳು ಬಾಯಿಗಿಟ್ಟು, ಕಣ್ಣು ಮುಚ್ಚಿ, ಮೂಗಿಗೆ ಘಾಟು ಏರಿದಾಗ ತೆರೆದು “ಕರಾಶಿ?” ಎಂದರು. ಅವರ ಸಾಸಿವೆಯ ಹೆಸರು. ಮಾರನೇ ಬೆಳಿಗ್ಗೆ ಡಬ್ಬಿ ಬಾಗಿಲಿಗೆ ಬಂತು. ಕೊಟ್ಟ ಪಾತ್ರೆಯನ್ನು ಖಾಲಿ ತಿರುಗಿಸಬಾರದೆಂಬುದು ಇಲ್ಲಿಯೂ ಇರುವ ಸಂಪ್ರದಾಯ. ಒಳಗೆ ಎರಡು ಯೂಜು ಹಣ್ಣು, ಗಜನಿಂಬೆಯ ಹಾಗೆ ಮೈಯೆಲ್ಲ ಉಬ್ಬುತಗ್ಗು, ಮನೆಯಿಡೀ ಪರಿಮಳ. ತೋಜಿಯ ರಾತ್ರಿ ಯೂಜುವನ್ನು ಸ್ನಾನದ ಬಿಸಿನೀರಿನಲ್ಲಿ ತೇಲಿಬಿಡುತ್ತಾರೆ, ಅಜ್ಜಿ ಕೊಟ್ಟದ್ದು ಅದಕ್ಕೇ ಎಂದು ನನಗೆ ಯಾರೋ ಹೇಳಿದ್ದು ಸಂಜೆ. ಅಷ್ಟರಲ್ಲಿ ಚಿತ್ರಾನ್ನ ಮಾಡಿ ಉಂಡಾಗಿತ್ತು.